ಧೂಪದ ಕೊಂಬೆ ಬಿದ್ದ ರಾತ್ರಿ

ಕರೆಂಟು ಹೋಗಿ ಎರಡು ದಿನವಾಗಿದೆ. ಹಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ಕಕ್ಕಡ ತಿಂಗಳ ಹದಿನೆಂಟಕ್ಕೆ ಮಾಡಿದ ಮದ್ದುಪಾಯಸದ ಘಮ ಅಡುಗೆಮನೆ ಬಿಟ್ಟು ಹೋಗಿಲ್ಲ. ನೀವು ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದೀರಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ ಮೇಲೆ, ಮಳೆಯ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿಗೆ ಕಿವಿಗೊಟ್ಟೇ ಮಲಗುವುದು ಅಭ್ಯಾಸವಾಗಿಬಿಟ್ಟಿದೆ.

ಆ ಸದ್ದು ಈಗ ಬರುತ್ತದೆ. ಮೊದಲು ಒಂದು ನರಳಿಕೆ. ಮತ್ತೆ ಲಟಲಟ. ನೆಲ ಧಡ್ ಎನ್ನುತ್ತದೆ. ಮಂಚದ ಕಾಲಿನಿಂದ ಅದು ನಿಮ್ಮ ಬೆನ್ನಿಗೆ ಏರುತ್ತದೆ. ಗುಡ್ಡವಾ? ಉಸಿರು ಹಿಡಿದು ಎಣಿಸುತ್ತೀರಿ. ಒಂದು, ಎರಡು, ಮೂರು. ಹತ್ತಾದರೂ ಮಳೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಸದ್ದು ಬಂದದ್ದು ದೇವರಕಾಡಿನ ಕಡೆಯಿಂದ.

ಬೆಳಕು ಹರಿಯುವಾಗ ಗಮ್‌ಬೂಟು ಏರಿಸಿ ತೋಟಕ್ಕಿಳಿಯುತ್ತೀರಿ. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ: ಹಸಿ ರಾಳದ ವಾಸನೆ, ಪೂಜೆಯ ಹೊಗೆಗಿಂತ ಗಾಢ, ಗಂಟಲಲ್ಲಿ ಕೂರುವಂಥದ್ದು. ಬೇಲಿಯಾಚೆ ದೇವರಕಾಡಿನ ಧೂಪದ ಮರ ನಿಂತೇ ಇದೆ. ನಾಲ್ಕು ಜನ ಕೈ ಹಿಡಿದು ನಿಂತರೂ ಅದರ ಬುಡ ಸುತ್ತುವುದಿಲ್ಲ. ಮುರಿದದ್ದು ಒಂದು ಕೊಂಬೆ. ಕೊಂಬೆ ಎಂದರೆ ಅದೇ ಒಂದು ಮರದಷ್ಟು. ಬೇಲಿ ಮುರಿದು, ನಿಮ್ಮ ರೋಬಸ್ಟಾ ಸಾಲುಗಳ ಮೇಲೆ ಮಲಗಿದೆ.

ಮೆಷಿನ್ ಗರಗಸದವನು ನಿಮಗಿಂತ ಮೊದಲೇ ಬಂದು ನಿಂತಿದ್ದಾನೆ. "ಬಿದ್ದದ್ದು ನಿಮ್ಮ ತೋಟದಲ್ಲಲ್ಲವಾ ಅಣ್ಣ? ಮಧ್ಯಾಹ್ನದೊಳಗೆ ತುಂಡು ಮಾಡಿ ಕೊಡುತ್ತೇನೆ." ಅವನ ಮಾತಿನಲ್ಲಿ ಕೇಡಿಲ್ಲ. ಮಳೆಗಾಲದಲ್ಲಿ ಅವನಿಗೂ ಕೆಲಸ ಬೇಕು. ನಿಮಗೂ ಹಣ ಬೇಕು. ಈ ಮಳೆಗೆ ಕಾಯಿ ಉದುರುತ್ತಿದೆ. ನಾಲಿಗೆ ತುದಿಗೆ ಬಂದ 'ಆಯ್ತು' ಅಲ್ಲೇ ನಿಲ್ಲುತ್ತದೆ. ಚಿಕ್ಕವರಿದ್ದಾಗ ದೇವರಕಾಡಿನಿಂದ ಒಂದು ಒಣ ಕಡ್ಡಿ ತಂದು ಒಲೆಗಿಟ್ಟಿದ್ದಿರಿ. ಅಜ್ಜಿ ಬೆಂಕಿಯೊಳಗೆ ಕೈ ಹಾಕಿ ಅದನ್ನು ಎಳೆದಿದ್ದರು.

ಗಮ್‌ಬೂಟು ಕಳಚಿಟ್ಟು ದೇವರಕಾಡಿನೊಳಗೆ ಕಾಲಿಡುತ್ತೀರಿ. ಇಂಬಳಗಳು ಹಿಮ್ಮಡಿ ಹತ್ತುತ್ತವೆ, ಕಿತ್ತೆಸೆಯಲು ಮನಸ್ಸಾಗುವುದಿಲ್ಲ. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಪಾಚಿ ಹಿಡಿದು, ಕಿವಿ ಮುರಿದು ಸಾಲಾಗಿ ಕೂತಿವೆ. ಮಳೆ ಇಲ್ಲಿ ಮೈಗೆ ನೇರ ಬಡಿಯುವುದಿಲ್ಲ, ಎಲೆಯಿಂದ ಎಲೆಗೆ ಇಳಿದು ಬರುತ್ತದೆ. ಧೂಪದ ಬುಡಕ್ಕೆ ಅಂಗೈ ಇಡುತ್ತೀರಿ. ತೊಗಟೆ ತಣ್ಣಗಿದೆ, ಗಾಯದಿಂದ ಇಳಿದ ರಾಳ ಬೆರಳಿಗೆ ಅಂಟುತ್ತದೆ.

ಕೊಡಗಿನಲ್ಲಿ ಇಂಥ 1,214 ದೇವರಕಾಡುಗಳಿವೆ. 1905ರಲ್ಲಿ ಕಂದಾಯ ಇಲಾಖೆಗೆ ಹೋದವು, 1985ರಲ್ಲಿ ಅರಣ್ಯ ಇಲಾಖೆಗೆ ಮರಳಿದವು. ಆ ಎಂಬತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಕರಗಿತ್ತು. ಕೊಡಲಿ ಹಿಡಿದ ಪರವೂರಿನವರನ್ನು ಬೈಯುವುದು ಸುಲಭ. ಆದರೆ ಬೇಲಿ ಸರಿಸಿದವರು ಯಾರು? ಪಕ್ಕದ ತೋಟದವರೇ. ಒಂದು ವರ್ಷ ಒಂದು ಸಾಲು ಕಾಫಿ, ಮರುವರ್ಷ ನೆರಳಿಗೆಂದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಬೇಗ ಬೆಳೆಯುವ ಮರ, ಕಡಿಯಲು ಊರಮರಕ್ಕಿರುವಷ್ಟು ಕಾಗದಪತ್ರದ ರಗಳೆಯೂ ಇಲ್ಲ.

ತೋಟಕ್ಕೆ ಮರಳುವಾಗ ಬರಿಗಾಲು ಏನನ್ನೋ ಎಡವುತ್ತದೆ. ನೋವು ಮೊಣಕಾಲಿಗೆ ಏರುತ್ತದೆ. ಕೊಂಬೆ ಬಿದ್ದ ಹೊಡೆತಕ್ಕೆ ಕಾಫಿಯ ಬೇರುಗಳ ನಡುವೆ ಮಣ್ಣು ಎದ್ದಿದೆ. ಅದರೊಳಗೆ ಚೌಕ ಕಡಿದ ಒಂದು ಕಲ್ಲು. ಕುಕ್ಕರಗಾಲಲ್ಲಿ ಕೂತು ಕೆಸರು ಒರೆಸುತ್ತೀರಿ. ದೇವರಕಾಡಿನ ಗಡಿಯ ಸರ್ವೆ ಕಲ್ಲು. ನಿಮ್ಮ ಬೇಲಿಯಿಂದ ಬಹಳ ಒಳಗೆ, ನಿಮ್ಮದೇ ತೋಟದಲ್ಲಿ.

ಅಪ್ಪ ನೆಟ್ಟ ಗಿಡಗಳು ಇವು. ನಿಮ್ಮ ಕಾಲೇಜಿನ ಫೀಸು ಇದೇ ಸಾಲುಗಳಿಂದ ಬಂದಿತ್ತು. ಬಾಯಿ ಒಣಗುತ್ತದೆ. ಮಣ್ಣು ಮತ್ತೆ ಎಳೆದರೆ ಕಲ್ಲು ಮುಚ್ಚಿಹೋಗುತ್ತದೆ, ಅಂಗೈಯಗಲದ ಕೆಲಸ. ಗರಗಸದವನು ಆ ಕಡೆ ತಿರುಗಿ ಬೀಡಿ ಹಚ್ಚುತ್ತಿದ್ದಾನೆ.

ಎದ್ದು ನಿಂತು ಕಲ್ಲಿನಿಂದ ಬೇಲಿಗೆ ಹೆಜ್ಜೆ ಹಾಕುತ್ತೀರಿ. ಹದಿನೇಳು. ಕೊಂಬೆ ಮಲಗಿರುವುದು ಆ ಹದಿನೇಳರೊಳಗೇ.

"ಮೆಷಿನ್ ಮನೆಗೆ ತಗೊಂಡು ಹೋಗು," ಎನ್ನುತ್ತೀರಿ. ದನಿ ನಿಮ್ಮದೇ ಎನಿಸುವುದಿಲ್ಲ. ಊರ ಹಿರಿಯರಾದ ತಕ್ಕರಿಗೆ ಹೇಳಬೇಕು. ಫೋನಿನಲ್ಲಿ ಸಿಗ್ನಲ್ ಇಲ್ಲ. ರಾಳ ಅಂಟಿದ ಕೈಯಲ್ಲೇ ಕೊಡೆ ಹಿಡಿದು, ಗದ್ದೆಯ ಬದುವಿನ ಮೇಲೆ ಅವರ ಮನೆಯ ಕಡೆ ನಡೆಯುತ್ತೀರಿ.