ಕಡಲಿಲ್ಲದ ಊರಲ್ಲಿ ಹಾವುಮೀನು

ಸಿಂಧನೂರಿನ ಮೀನು ಪೇಟೆಯಲ್ಲಿ, ಅಲ್ಯೂಮಿನಿಯಂ ಬೋಗುಣಿಯ ಅಂಚಿಗೆ ಹಾವೊಂದು ತಲೆಯಿಟ್ಟು ನನ್ನನ್ನೇ ನೋಡುತ್ತಿದೆ.

“ಹಾವಲ್ರೀ ಸರ, ಹಾವುಮೀನ. ಮುಟ್ಟಿ ನೋಡ್ರಿ,” ಎನ್ನುತ್ತಾಳೆ ಮಾರುವಾಕೆ. ಮನೆ ಬಂಗಾಳಿ ಕ್ಯಾಂಪಿನಲ್ಲಂತೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಮಗಳ ಬಾಯಲ್ಲಿ ಅಪ್ಪಟ ರಾಯಚೂರು ಕನ್ನಡ! ಮುಟ್ಟಿದೆ. ಬೆನ್ನ ಮೇಲೆ ಗರಗಸದ ಹಲ್ಲಿನಂಥ ಸಣ್ಣ ಮುಳ್ಳುಗಳ ಸಾಲು, ಮೂತಿಯ ತುದಿಗೆ ಮಿಸುಕುವ ಪುಟ್ಟ ಸೊಂಡಿಲು.

ನಮ್ಮ ಮಲ್ಪೆಯಲ್ಲಿ ಟ್ರಾಲ್ ಬಲೆ ಕೊಡವಿದಾಗ ಬೀಳುವ ಕಡಲ ಹಾವುಮೀನಿಗೆ ಈ ಮುಳ್ಳಿಲ್ಲ. ಅದರ ಬಾಲದ ತುದಿಯೇ ಗಟ್ಟಿ ಮೊನೆ. ಅದನ್ನೂರಿ ಹಿಮ್ಮುಖವಾಗಿ ಕೆಸರಿಗಿಳಿದು, ಮೂತಿ ಮಾತ್ರ ಹೊರಗಿಟ್ಟು ಬೇಟೆಗೆ ಕಾಯುತ್ತದೆ. 300ಕ್ಕೂ ಹೆಚ್ಚು ಜಾತಿಗಳ ಆ ಕುಟುಂಬದಲ್ಲಿ ಕೆಲವದರ ವಾಸ ನೂರಾರು ಮೀಟರ್ ಆಳದಲ್ಲಿ. ಬೋಗುಣಿಯದು ಅದಕ್ಕೆ ಬರೀ ಆಕಾರದಲ್ಲಿ ನೆಂಟ.

ಪೇಟೆಯಿಂದ ಹೊರಟು ಹತ್ತಿದ ಮಸ್ಕಿಯ ಬಸ್ಸಿನಲ್ಲಿ ಎಂಜಿನ್ ಪಕ್ಕದ ಸೀಟು. ಕಿಟಕಿ ಮುಚ್ಚಿದರೆ ಬೇಯುತ್ತೇವೆ, ತೆರೆದರೆ ಧೂಳು ತಿನ್ನುತ್ತೇವೆ. ನಾನು ಧೂಳನ್ನೇ ಆರಿಸಿಕೊಂಡೆ. ಮಸ್ಕಿಯಲ್ಲಿ ಇಳಿದರೆ ಗುಡ್ಡದ ಬಂಡೆಯ ಮೇಲೆ, 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನ. ಶಾಸನಗಳ ‘ದೇವಾನಾಂಪ್ರಿಯ’ ಅಶೋಕನೇ ಎಂದು ಮೊದಲು ಹೆಸರು ಹಿಡಿದು ಹೇಳಿದ್ದು ಇದು. ಮೀನಿನ ಮಾತು ಇದರಲ್ಲಿಲ್ಲ. ಆದರೆ ಉತ್ತರದ ಅಶೋಕ ಕಂಬಗಳ ಐದನೇ ಶಾಸನದಲ್ಲಿ, ಕೊಲ್ಲಬಾರದ ಜೀವಿಗಳ ನಡುವೆ ಎಲುಬಿಲ್ಲದ ಮೀನೊಂದಿದೆ. ಯಾವ ಮೀನೋ! ನನ್ನ ತಲೆಯಲ್ಲಂತೂ ಆಗಲೇ ಹಾವುಮೀನು ಹರಿದಾಡುತ್ತಿತ್ತು.

ಲಿಂಗಸುಗೂರು ದಾಟಿ ಜಲದುರ್ಗಕ್ಕೆ ಬಂದರೆ ಕಾಲ ಕೆಳಗೆ ಕೃಷ್ಣೆ, ಬಂಡೆ ಸೀಳಿಕೊಂಡು ಹರಿಯುತ್ತಾಳೆ. ಕಡಲ ಹಾವುಮೀನಿನ ನಿಜವಾದ ನೆಂಟನಿಗೆ ಇದೇ ತವರಿನ ದಾರಿ: ಮಚ್ಚೆ ಮೈಯ ಈಲ್. ಅದು ಹೊಳೆಯಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಕಡಲಿಗಿಳಿಯುತ್ತದೆ. ಇಬ್ಬರ ಮರಿಗಳೂ ಮೊದಲು ಎಲೆಯಾಕಾರದ, ಆಚೆಬದಿ ಕಾಣುವಷ್ಟು ಪಾರದರ್ಶಕ ಜೀವಿಗಳು. ಬಂಗಾಳ ಕೊಲ್ಲಿಯಿಂದ ಇಲ್ಲಿಗೆ ಹತ್ತಿಬರಬೇಕಾದ ಮರಿಗೆ ಈಗ ಪ್ರಕಾಶಂ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ ಅಡ್ಡ ನಿಂತಿವೆ.

ದಡದಲ್ಲಿ ಬಲೆ ಹೊಲಿಯುತ್ತಿದ್ದ ಅಜ್ಜನಿಗೆ ನಮ್ಮೂರ ಹಾವುಮೀನಿನ ಕಥೆ ಹೇಳಿದೆ. ಆತ ಸೂಜಿ ನಿಲ್ಲಿಸಿ ಕೇಳಿದ:

“ಸಾರಿಗೆ ಚಲೋ ಇರ್ತದೇನ್ರಿ?”

“ತಿನ್ನೋರು ಕಡಿಮೆ ಅಜ್ಜಾ. ಫಿಶ್‌ಮೀಲ್ ಕಾರ್ಖಾನೆಗೆ ಹೋಗ್ತದೆ.”

“ಅಷ್ಟು ಆಳದಾಗಿಂದ ಎಳ್ಕೊಂಡು ಬಂದು ಹಿಟ್ಟು ಮಾಡ್ತೀರಿ?” ಅಜ್ಜ ಪಕ್ಕದವನನ್ನು ಕರೆದು, “ಏ, ಇಲ್ಲಿ ಬಾ, ಇವ್ರ ಮಾತು ಕೇಳು,” ಎಂದ.