ಗುರಿಯ ಹಿಂದೆ

ವ್ಯಾಕರಣ ಬೋಧಿಸುವವನಿಗೆ ಕೋವಿಯೇತಕ್ಕೆಂದು ಮಿತ್ರರು ನಕ್ಕರು. ಊರಾಚೆಯ ತೋಟದ ಮನೆಯಲ್ಲಿ ವೃದ್ಧ ತಾಯಿಯೊಡನೆ ಇರುವವನಿಗೆ ಅದು ನಗೆಯ ಮಾತಲ್ಲ. ತಂದೆಯವರ ಜೋಡುನಳಿಗೆಯ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳುವ ಸಲುವಾಗಿ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೆ ಸೇರಿದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಬೇಡುವವರಿಗೆ ಇಂತಹ ಶಿಕ್ಷಣವನ್ನು ವಿಧಿಸಿವೆಯಷ್ಟೆ.

ಕೋವಿಗೆ 12 ಬೋರ್ ಎಂಬ ಹೆಸರೇಕೆಂಬುದು ಅಲ್ಲಿ ತಿಳಿಯಿತು: ನಳಿಗೆಯ ಒಳವ್ಯಾಸಕ್ಕೆ ಸರಿಹೊಂದುವ 12 ಸೀಸದ ಗುಂಡುಗಳ ತೂಕ ಒಂದು ಪೌಂಡು! ಶಬ್ದಗಳ ಮೂಲವನ್ನು ಕೆದಕುವ ಚಟವುಳ್ಳ ನನಗೆ ಇದು ಸಕ್ಕರೆಯಾಯಿತು. ಮೊದಲ ಈಡು ಹಾರಿಸಿದಾಗ ಹೆಗಲಿಗೆ ಬಿದ್ದ ಒದೆತಕ್ಕೆ ಮಾತ್ರ ಯಾವ ನಿಘಂಟಿನಲ್ಲಿಯೂ ತಕ್ಕ ಪದವಿಲ್ಲ.

ಕುದುರೆಗೆ ಬೆರಳಿಡುವ ಮುನ್ನ ಶಿಕ್ಷಕರು ಪ್ರತಿಯೊಬ್ಬರನ್ನೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಗುರಿಯ ಹಿಂದೆ ಏನಿದೆ?” ಮೈದಾನದಲ್ಲಿ ಮಣ್ಣಿನ ದಿಬ್ಬವಿತ್ತು. ನಮ್ಮ ಮನೆಯಲ್ಲಿ? ಹಿತ್ತಿಲ ಬಾಗಿಲಿನಾಚೆ ಕೆಲಸದವರ ಬಿಡಾರ, ಅವರ ಮಕ್ಕಳು. ನಡುಮನೆಯಲ್ಲಿ ಹಲಗೆಯ ಗೋಡೆ, ಅದರಾಚೆ ತಾಯಿಯ ಮಂಚ. ದಪ್ಪ ಚರೆಗಳಿಗೆ ಹಲಗೆಯೊಂದು ತಡೆಯೇ? 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆತ್ಮರಕ್ಷಣೆಗೆ ಅಗತ್ಯಕ್ಕಿಂತ ಹೆಚ್ಚಿನ ಹಾನಿಯನ್ನು ಒಪ್ಪದು. ಕಳ್ಳನು ಓಡತೊಡಗಿದರೆ ಕೋವಿಯ ಕೆಲಸ ಅಲ್ಲಿಗೆ ಮುಗಿಯಬೇಕು.

ಪ್ರಮಾಣಪತ್ರ ಕೈಸೇರಿತು. ಅರ್ಜಿ ಬರೆಯುವ ಮುನ್ನ ಹಿತ್ತಿಲ ಬಾಗಿಲಿಗೆ ದಪ್ಪ ಅಗುಳಿ ಹಾಕಿಸಿ, ತಾಯಿಯ ಮಂಚವನ್ನು ಕಲ್ಲುಗೋಡೆಯ ಕೋಣೆಗೆ ಸಾಗಿಸಿದೆ. ಅಲ್ಲಿ ಗಾಳಿ ಸಾಲದೆಂದು ಅವರು ಈಗಲೂ ಗೊಣಗುತ್ತಾರೆ.