ಹಾಲುಮಡ್ಡಿ

ಕನ್ನಡದ ಅಧ್ಯಾಪಕನಿಗೆ ಅರ್ಥ ತಿಳಿಯದ ಶಬ್ದವೇ ಇಲ್ಲವೆಂಬುದು ವಿದ್ಯಾರ್ಥಿಗಳ ನಂಬಿಕೆ. ಅದನ್ನು ಕೆಡಿಸದಿರುವುದಕ್ಕಾಗಿಯೇ ನಮಗೆ ಸಂಬಳ. ಹೋದ ವರ್ಷ ತರಗತಿಯಲ್ಲಿ ‘ಧೂಪ’ ಎಂಬ ಮಾತು ಬಂತು. ‘ಸುವಾಸನೆಯ ಹೊಗೆ’ ಎಂದು ಹೇಳಿ ಮುಂದಕ್ಕೆ ಹೊರಟೆ. ಶಿರಸಿ ಕಡೆಯ ಹುಡುಗಿಯೊಬ್ಬಳು ಎದ್ದು, ‘ಸಾರ್, ನಮ್ಮಲ್ಲಿ ಧೂಪ ಅಂದರೆ ಮರ’ ಎಂದಳು. ಯಾವ ಮರ ಎಂದು ಕೇಳಿದ್ದು ನನ್ನ ತಪ್ಪು. ಒಂದಲ್ಲ, ಮೂರಂತೆ. ಸಾಲುಧೂಪಕ್ಕೆ ಬಿಳಿಯ ರಾಳ. ಬೀಜದಿಂದ ತುಪ್ಪದಂಥ ಜಿಡ್ಡೂ ಬರುತ್ತದೆ. ಕರಿಧೂಪದ ಚಿಗುರು ಕೆಂಪು, ರಾಳ ಕಪ್ಪು. ಮೂರನೆಯದು ಮಡ್ಡಿಧೂಪ, ಅದರ ಅಂಟೇ ಹಾಲುಮಡ್ಡಿ. (ಮೂರೂ ಬೇರೆ ಬೇರೆ ಕುಲದವೆಂದು ಆಮೇಲೆ ಸಸ್ಯಶಾಸ್ತ್ರದ ಮಿತ್ರರು ಹೇಳಿದರು. ಹೆಸರೊಂದೇ ನೆಂಟಸ್ತನ.)

ಹಾಲುಮಡ್ಡಿ ಎಂದ ಕೂಡಲೆ ನಾನು ಪುಸ್ತಕ ಮುಚ್ಚಿದೆ. ಆ ಶಬ್ದ ನನಗೆ ಗೊತ್ತಿತ್ತು, ನಿಘಂಟಿನಿಂದಲ್ಲ.

1990ರ ಆಸುಪಾಸಿನಲ್ಲಿ, ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ಊದುಬತ್ತಿ ಹೊಸೆಯುತ್ತಿದ್ದಳು. ಇದ್ದಿಲ ಪುಡಿಗೆ ಜಿಗಟು ಸೇರಿಸಿ ಕಲಸಿದ ಹಿಟ್ಟು, ಗಿಡ್ಡ ಮಣೆ, ಬಿದಿರುಕಡ್ಡಿ. ಸಾವಿರಕ್ಕೆ ಇಷ್ಟೆಂದು ಕೂಲಿ. ಮುರಿದದ್ದು, ಸೊಟ್ಟಗಾದದ್ದು ಲೆಕ್ಕಕ್ಕಿಲ್ಲ. ಮಸಾಲೆ ಬತ್ತಿಯ ಕೆಲಸ ಬಂದಾಗ ಮಾತ್ರ ಹಾಲುಮಡ್ಡಿಯ ಹಿಟ್ಟು. ಅದು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಅಂಗೈ ಬಿಡದು. ಅಮ್ಮ ಸೀಮೆಎಣ್ಣೆ ಸವರಿ, ಸೋಪು ಹಾಕಿ ತಿಕ್ಕುತ್ತಿದ್ದಳು. ಆದರೂ ಅವಳು ಬಡಿಸಿದ ಅನ್ನಕ್ಕೆ ಗುಡಿಯ ವಾಸನೆ.

ಹೈಸ್ಕೂಲಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಕಡೆ ನಾನು ‘ಇಲ್ಲ’ ಎಂದು ಬರೆದೆ. ಅಮ್ಮ ಓದಿದಳು, ಏನೂ ಅನ್ನದೆ ಸಹಿ ಹಾಕಿದಳು. ಅಂಚಿನಲ್ಲಿ ಅವಳ ಹೆಬ್ಬೆರಳ ಇದ್ದಿಲ ಗುರುತು ಉಳಿಯಿತು. ಅಳಿಸಲು ಹೋಗಿ ಇನ್ನಷ್ಟು ಹರಡಿದೆ.

ಆ ಹುಡುಗಿಯ ತಂದೆ ಕರೆದರು. ಡಿಸೆಂಬರಿನಲ್ಲಿ ಅಮ್ಮನನ್ನೂ ಕರೆದುಕೊಂಡು ಹೋದೆ. ಅಮ್ಮನಿಗೆ ಈಗ ಎಪ್ಪತ್ತು. ಹಾಲುಮಡ್ಡಿಯನ್ನು ಅಷ್ಟು ವರ್ಷ ಮುಟ್ಟಿದವಳು ಆ ಮರವನ್ನು ಕಂಡಿರಲಿಲ್ಲ. ತೋಟದ ಮೇಲಿನ ಬೆಟ್ಟದಲ್ಲಿ ಅದು ನೆಟ್ಟಗೆ ನಿಂತಿತ್ತು. ಎದೆಯೆತ್ತರದಲ್ಲಿ ಕೊಡಲಿಯ ಹಳೆಯ ಕಚ್ಚುಗಳು. ಹದವಾಗಿ ಕಚ್ಚಿದರೆ ಮಾಯುತ್ತದೆ, ಆಸೆಬಿದ್ದು ಆಳಕ್ಕೆ ಕಡಿದರೆ ಮರವೇ ಸೊರಗುತ್ತದೆ ಎಂದರು ಯಜಮಾನರು. ಮೆದು ಮರವಾದ್ದರಿಂದ ಬೆಂಕಿಕಡ್ಡಿಗೂ ಒದಗುತ್ತದಂತೆ. ಬತ್ತಿಯೂ ಅದನ್ನು ಹಚ್ಚುವ ಕಡ್ಡಿಯೂ ಒಂದೇ ಮರದ ಮಕ್ಕಳು! ನಮ್ಮ ಕವಿಗಳು ಇದನ್ನು ಹೇಗೆ ಬಿಟ್ಟರೋ.

ಅಮ್ಮ ಒಂದು ಕಚ್ಚಿನಲ್ಲಿ ಹೆಪ್ಪುಗಟ್ಟಿದ್ದ ಅಂಟನ್ನು ಕೆರೆದು ಬೆರಳಲ್ಲಿ ತಿಕ್ಕಿ ಮೂಸಿದಳು. ‘ಇದರಲ್ಲಿ ಕಲಬೆರಕೆ ಇಲ್ಲ’ ಎಂದಳು. ಆಮೇಲೆ ಮರದ ಸುತ್ತ ಒಂದು ಸಲ ನಡೆದು, ‘ಎಷ್ಟು ಕಡೆ ಕಡಿದಿದ್ದಾರೆ ನೋಡೋ. ನಿನ್ನ ಫೀಸಿಗೆ ಇದರಲ್ಲಿ ಎಷ್ಟಾಯಿತೋ’ ಎಂದಳು. ನನಗೆ ಆ ಅರ್ಜಿ ನೆನಪಾಯಿತು. ಹೇಳೋಣವೆಂದು ಬಾಯಿ ತೆರೆದೆ. ಅವಳು ಆಗಲೇ ಇಳಿಯತೊಡಗಿದ್ದಳು.

ಮನೆಗೆ ಬಂದು ಕೈಗೆ ಸೀಮೆಎಣ್ಣೆ ಕೇಳಿದಳು. ಈಗ ಯಾರ ಮನೆಯಲ್ಲಿದೆ? ಕೊಬ್ಬರಿ ಎಣ್ಣೆ ಕೊಟ್ಟರು. ಅದಕ್ಕೆ ಹಾಲುಮಡ್ಡಿ ಪೂರ್ತಿ ಬಿಡಲಿಲ್ಲ. ರಾತ್ರಿ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ಅಮ್ಮ ನಿದ್ದೆ ಹೋದಳು. ತುಮಕೂರು ದಾಟುವವರೆಗೂ ಅವಳ ಕೈಯಿಂದ ಆ ವಾಸನೆ ಬರುತ್ತಲೇ ಇತ್ತು.